ಎಂಟು ಭಾವಚಿತ್ರಗಳ ಆಚೆಗೆ: ಬರೆದ ಹೆಣ್ಣುಮಕ್ಕಳು, ಕೇಳಿಸಿಕೊಂಡ ಕಿವಿಗಳು

ಕನ್ನಡ ರಾಜ್ಯೋತ್ಸವ ಯಾವ ದೇಶದಲ್ಲಿ ನಡೆದರೂ ವೇದಿಕೆಯ ಹಿಂದೆ ಒಂದು ಬ್ಯಾನರ್ ಇರುತ್ತದೆ. ಅದರಲ್ಲಿ ಎಂಟು ಭಾವಚಿತ್ರಗಳು: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟ ಎಂಟು ಜನ. ನೀವು ಚಿಕ್ಕಂದಿನಿಂದ ಈ ಮುಖಗಳನ್ನು ನೋಡುತ್ತ ಬೆಳೆದಿದ್ದೀರಿ. ಹೆಸರುಗಳೂ ಕ್ವಿಜ್ ಸ್ಪರ್ಧೆಗಾಗಿ ಬಾಯಿಪಾಠ ಆಗಿರುತ್ತವೆ. ಈ ಎಂಟರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಎನ್ನುವುದನ್ನು ಗಮನಿಸಿದ್ದೀರಾ?

ಇನ್ನೂ ಎರಡು ಲೆಕ್ಕ ಕೊಡುತ್ತೇನೆ. ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಮೊದಲ ಬಾರಿಗೆ ಒಬ್ಬ ಮಹಿಳೆ ಅದರ ಅಧ್ಯಕ್ಷೆಯಾದದ್ದು 1974ರಲ್ಲಿ, ಮಂಡ್ಯದಲ್ಲಿ. ಅವರು ಜಯದೇವಿತಾಯಿ ಲಿಗಾಡೆ. ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡಕ್ಕೆ ಪ್ರಶಸ್ತಿ ಕೊಡಲು ಆರಂಭಿಸಿದ್ದು 1955ರಲ್ಲಿ. ಆ ಪ್ರಶಸ್ತಿ ಕನ್ನಡದ ಒಬ್ಬ ಲೇಖಕಿಗೆ ಮೊದಲು ಸಿಕ್ಕಿದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ. ಒಂದು ಕಡೆ 59 ವರ್ಷ, ಇನ್ನೊಂದು ಕಡೆ 49 ವರ್ಷ.

ಹಾಗಾದರೆ ಅಷ್ಟು ದಿನ ಹೆಣ್ಣುಮಕ್ಕಳು ಬರೆಯುತ್ತಿರಲಿಲ್ಲವೇ? ಬರೆಯುತ್ತಿದ್ದರು. ಒಂದು ದನಿಯನ್ನು ಅಡಗಿಸಲು ಯಾರೂ ಬಾಯಿಗೆ ಬಟ್ಟೆ ತುರುಕಬೇಕಾಗಿಲ್ಲ. ಅಕ್ಷರ ಕಲಿಸದಿದ್ದರೆ ಸಾಕು. ಹೆಸರು ಮರೆಸಿದರೆ ಸಾಕು. ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದರೆ ಸಾಕು. ಇವೆಲ್ಲ ನಡೆದಾಗಲೂ ಬರೆದ ಕೆಲವರ ಕಥೆಯನ್ನು ಇಂದು ಹೇಳುತ್ತೇನೆ. ಕೇಳುವಾಗ ಒಂದು ವಿಷಯ ಗಮನಿಸುತ್ತ ಹೋಗಿ: ಪ್ರತಿ ದನಿಯ ಪಕ್ಕದಲ್ಲಿ, ಅದನ್ನು ಕೇಳಿಸಿಕೊಂಡ ಒಬ್ಬರಾದರೂ ಇದ್ದಾರೆ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಹೆಸರು ನಿಮಗೆ ಗೊತ್ತು. ಆಕೆ ಒಂಟಿಯಾಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವೆ, ಹೀಗೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ಅವರಲ್ಲಿ ಕೂಲಿ ಕಾಯಕದವರೂ ಇದ್ದರು. ಶರಣರ ನಡುವೆ ಹೆಂಗಸರ ಮಾತಿಗೂ ಜಾಗವಿತ್ತು, ಅದಕ್ಕೇ ಅಷ್ಟು ಜನ ಮಾತಾಡಿದರು. ಆ ಚಳವಳಿ ಚದುರಿದ ಮೇಲೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಹೆಣ್ಣಿನ ಹೆಸರು ಮತ್ತೆ ಅಪರೂಪವಾಗುತ್ತದೆ.

ಸುಮಾರು ಐನೂರು ವರ್ಷ ಮುಂದಕ್ಕೆ ಬನ್ನಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲ, ಹದಿನೇಳನೆಯ ಶತಮಾನದ ಕೊನೆ. ಯಳಂದೂರಿನ ಹೊನ್ನಮ್ಮ ಅರಮನೆಯಲ್ಲಿ ಊಳಿಗಕ್ಕಿದ್ದಳು. ಎಲೆ ಅಡಿಕೆಯ ಸಂಚಿ ಹಿಡಿದು ನಿಲ್ಲುವುದು ಆಕೆಯ ಕೆಲಸ. ಆದ್ದರಿಂದಲೇ ಸಂಚಿ ಹೊನ್ನಮ್ಮ. ಅರಮನೆಯ ವಿದ್ವಾಂಸರಲ್ಲಿ ಆಕೆ ವಿದ್ಯೆ ಕಲಿತಳು, ರಾಣಿಯ ಪ್ರೋತ್ಸಾಹ ಸಿಕ್ಕಿತು, ‘ಹದಿಬದೆಯ ಧರ್ಮ’ ಎಂಬ ಕಾವ್ಯವನ್ನು ಸಾಂಗತ್ಯದಲ್ಲಿ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಒಳ್ಳೆಯ ಹೆಂಡತಿ ಹೇಗಿರಬೇಕು ಎಂದು ಹೇಳುವ ಪುಸ್ತಕ ಅದು. ಈ ಕಾಲದ ಹುಡುಗಿಯರಿಗೆ ಅದರ ಬಹುಪಾಲು ರುಚಿಸಲಿಕ್ಕಿಲ್ಲ. ಆದರೆ ಅದೇ ಪುಸ್ತಕದ ಒಳಗೆ, ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರನ್ನು ಹೊನ್ನಮ್ಮ ನಿಲ್ಲಿಸಿ ಕೇಳುತ್ತಾಳೆ: ನಿಮ್ಮನ್ನು ಹೆತ್ತು ಸಾಕಿದವಳು ಯಾರು? ಕನ್ನಡ ಮೇಷ್ಟರುಗಳು ಇವತ್ತಿಗೂ ತರಗತಿಯಲ್ಲಿ ಓದಿ ಹೇಳುವುದು ಆ ಭಾಗವನ್ನೇ. ಹೊದಿಕೆ ಕಾಲ ಒಪ್ಪಿದ್ದು, ಒಳಗಿನ ಪ್ರಶ್ನೆ ಆಕೆಯದು.

ಈ ‘ಹೊದಿಕೆ’ ಎನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಇನ್ನೂರು ವರ್ಷದ ಮೇಲೆ ನಂಜನಗೂಡಿನಲ್ಲಿ ಅದು ಮತ್ತೆ ಕಾಣಿಸುತ್ತದೆ.

ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಆಗಿನ ಪದ್ಧತಿಯಂತೆ ಬಾಲ್ಯದಲ್ಲೇ ಮದುವೆಯಾಯಿತು. ಹದಿನಾಲ್ಕನೆಯ ವಯಸ್ಸಿಗೆ ಗಂಡ ತೀರಿಕೊಂಡರು. ಆ ಕಾಲದಲ್ಲಿ ಬ್ರಾಹ್ಮಣ ಮನೆಯ ವಿಧವೆ ಎಂದರೆ ಮನೆಯ ಒಂದು ಮೂಲೆಯ ಬದುಕು: ಶುಭಕಾರ್ಯಕ್ಕೆ ಎದುರು ಬರಬಾರದು, ಒಳ್ಳೆಯ ಸೀರೆ ಉಡಬಾರದು. ಈ ಹುಡುಗಿಯ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಆಕೆ ಓದಿದಳು, ನಂತರ ಬರೆಯಲು ಕೂತಳು.

1913ರಲ್ಲಿ ತಿರುಮಲಾಂಬಾ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಪ್ರಕಾಶಕರ ಬಾಗಿಲು ಬಡಿಯುವ ಬದಲು ತಾವೇ ಪ್ರಕಾಶಕಿಯಾದರು. ‘ಸುಶೀಲೆ’ ಕಾದಂಬರಿ ಬಂತು, ಓದುಗರು ಮೆಚ್ಚಿ ಹಲವು ಮುದ್ರಣ ಕಂಡಿತು. ‘ನಭಾ’, ‘ಮಾತೃನಂದಿನಿ’ ಬಂದವು. ನಾಟಕ, ಪ್ರಬಂಧ, ಪತ್ತೇದಾರಿ ಕಥೆಯನ್ನೂ ಬಿಡಲಿಲ್ಲ. ಅದೇ ದಶಕದಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಕನ್ನಡದಲ್ಲಿ ಮಹಿಳೆಯೊಬ್ಬರು ಸಂಪಾದಿಸಿದ ಮೊದಲ ಪತ್ರಿಕೆ ಎಂದು ಅದನ್ನು ಗುರುತಿಸುತ್ತಾರೆ. ಒಬ್ಬ ವಿಧವೆ ಮನೆಯಲ್ಲೇ ಇದ್ದುಕೊಂಡು ಬರೆದು, ತಿದ್ದಿ, ಅಚ್ಚು ಹಾಕಿಸಿ, ಅಂಚೆಯಲ್ಲಿ ಪುಸ್ತಕ ಕಳಿಸುತ್ತಿದ್ದರು. ಆ ಅಂಚೆ ಮುಟ್ಟಿದ ಮನೆಗಳ ಒಳಗೆ ಓದು ಕಲಿತ ಹೆಂಗಸರು ಕಾದಿದ್ದರು.

ಇಲ್ಲಿ ನಿಮಗೊಂದು ಪ್ರಶ್ನೆ ಏಳಬಹುದು. ಗ್ರಂಥಮಾಲೆಯ ಹೆಸರು ‘ಸತೀಹಿತೈಷಿಣಿ’, ನಾಯಕಿಯ ಹೆಸರು ‘ಸುಶೀಲೆ’. ತಾಳ್ಮೆಯಿಂದ ಗಂಡನನ್ನು ದಾರಿಗೆ ತರುವ ಹೆಂಡತಿಯರ ಕಥೆ ಬರೆದವರನ್ನು ಸ್ವಂತ ದನಿ ಕಂಡುಕೊಂಡವರು ಎನ್ನಬಹುದೇ? ಕನ್ನಡ ಎಂ.ಎ. ತರಗತಿಗಳಲ್ಲೂ ಈ ಚರ್ಚೆ ನಡೆಯುತ್ತಿತ್ತು. ನನ್ನ ಉತ್ತರ ಇದು. ನಮಗೆ ಕೇಳಲು ಇಷ್ಟವಾದದ್ದನ್ನು ಹೇಳಿದರೆ ಮಾತ್ರ ಅದು ನಿಜವಾದ ದನಿ ಎಂದುಕೊಂಡರೆ, ನಾವೂ ಒಂದು ರೀತಿಯಲ್ಲಿ ಅವರ ಬಾಯಿ ಮುಚ್ಚಿಸಿದಂತೆಯೇ. ಆ ಹೆಸರುಗಳಿದ್ದದ್ದರಿಂದ ಅವರ ಪುಸ್ತಕ ಅತ್ತೆ ಮಾವಂದಿರ ಕಣ್ಣು ತಪ್ಪಿಸದೆಯೇ ಮನೆಯೊಳಗೆ ಬರಲು ಸಾಧ್ಯವಾಯಿತು. ಒಳಗೆ ಬಂದ ಮೇಲೆ ಅದು ಹೆಣ್ಣುಮಕ್ಕಳು ಓದಬೇಕು ಎಂದು ಹೇಳುತ್ತಿತ್ತು. ಹೇಳುತ್ತಿದ್ದವಳು ಸ್ವತಃ ಒಬ್ಬ ವಿಧವೆ ಎನ್ನುವುದೇ ದೊಡ್ಡ ಮಾತು.

ಆದರೂ ಚರಿತ್ರೆ ಅವರನ್ನು ಬಿಟ್ಟು ಮುಂದೆ ನಡೆಯಿತು. ನವೋದಯದ ದೊಡ್ಡ ಹೆಸರುಗಳ ನಡುವೆ ಅವರ ಬರಹ ಹಳೆಯ ಕಾಲದ ನೀತಿಕಥೆಯಂತೆ ಕಂಡಿತು. ಅವರು ಬರೆಯುವುದು ನಿಂತಿತು. ದಶಕಗಳ ಕಾಲ ಸಾಹಿತ್ಯ ಲೋಕ ಅವರನ್ನು ಮರೆತೇಬಿಟ್ಟಿತ್ತು. ಬೆಂಗಳೂರಿನ ಪ್ರಾಧ್ಯಾಪಕಿ ಚಿ.ನ. ಮಂಗಳಾ ಮದರಾಸಿನಲ್ಲಿದ್ದ ವೃದ್ಧೆಯನ್ನು ಹುಡುಕಿಕೊಂಡು ಹೋದ ಮೇಲೆ ತಿರುಮಲಾಂಬಾ ಮತ್ತೆ ಕನ್ನಡಿಗರಿಗೆ ಸಿಕ್ಕರು. 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಇದೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಹುಡುಕಿಕೊಂಡು ರೈಲು ಹತ್ತದೇ ಇದ್ದಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು.

ತಿರುಮಲಾಂಬಾ ಅವರಂತೆಯೇ ಬಾಲವಿಧವೆಯಾದ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಪತ್ರಿಕೆ ಎಂದರೆ ತಮ್ಮೊಬ್ಬರ ಬರಹಕ್ಕೆ ಮಾತ್ರ ಜಾಗವಲ್ಲ, ಬೇರೆ ಹೆಣ್ಣುಮಕ್ಕಳ ಬರಹಕ್ಕೂ ಜಾಗ. ಇವರಿಬ್ಬರ ದೊಡ್ಡ ಕೆಲಸ ಇದೇ.

ಈಗ ಕೊಡಗಿಗೆ ಹೋಗೋಣ. 1930ರ ದಶಕದಲ್ಲಿ ಪತ್ರಿಕೆಗಳಲ್ಲಿ ಕೆಲವು ಕಥೆಗಳು ಬರತೊಡಗಿದವು, ಕೆಳಗೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರು. ಬರೆದವರು ಗೌರಮ್ಮ, ಎಸ್ಟೇಟ್ ಮ್ಯಾನೇಜರರ ಹೆಂಡತಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಅವರು ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟ ಹೆಣ್ಣುಮಗಳು. ಅಷ್ಟು ಗಟ್ಟಿಗಿತ್ತಿ ಕೂಡ ಕಥೆಯ ಕೆಳಗೆ ಗಂಡನ ಹೆಸರಿನ ಮರೆಯಲ್ಲಿ ನಿಂತಿದ್ದರು. ವಿಧವೆಯರ ಬಗ್ಗೆ, ಮೋಸಹೋದ ಹೆಂಗಸರ ಬಗ್ಗೆ, ಜಾತಿ ಮೀರಿದ ಪ್ರೀತಿಯ ಬಗ್ಗೆ ಬರೆದರು. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಬಂದದ್ದು ಅವರು ಹೋದ ಮೇಲೆ. ಬೇಂದ್ರೆಯವರು ಅವರ ಕಥೆಗಳನ್ನು ಮೆಚ್ಚಿ ಮುನ್ನುಡಿ ಬರೆದರು. ನಾವು ಇಂದು ಅವರನ್ನು ಕರೆಯುವುದು ‘ಕೊಡಗಿನ ಗೌರಮ್ಮ’ ಎಂದು. ಗಂಡನ ಇನಿಷಿಯಲ್ ಹೋಗಿ, ಊರು ಮತ್ತು ಸ್ವಂತ ಹೆಸರು ಉಳಿಯಿತು.

ಇವರೆಲ್ಲ ಅಕ್ಷರ ಬಲ್ಲವರು. ಅಕ್ಷರವೇ ಇಲ್ಲದವರ ದನಿ ಏನಾಗುತ್ತದೆ?

ಅದಕ್ಕೆ ಉತ್ತರ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರ ಕಾದಂಬರಿ. ಇಂದಿರಾ ಮಲೆನಾಡಿನವರು. ಹನ್ನೆರಡನೆಯ ವಯಸ್ಸಿಗೆ ಮದುವೆ, ಶಾಲೆಯ ಓದು ಸ್ವಲ್ಪವೇ. ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತಾರು. ಫಣಿಯಮ್ಮ ಅವರ ಕುಟುಂಬದ ಹಿರಿಯಜ್ಜಿ. ಏನೂ ತಿಳಿಯದ ವಯಸ್ಸಿನಲ್ಲಿ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಮನೆಯ ಚಾಕರಿ ಮಾಡಿ, ನೂರು ವರ್ಷ ಮೀರಿ ಬದುಕಿದವರು. ಬಾಣಂತನಕ್ಕೆಂದು ಬಂದಿದ್ದಾಗ ಅವರು ತಮ್ಮ ಬದುಕನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದರು. ತಾಯಿ ಮಗಳಿಗೆ ಹೇಳಿದರು. ಮಗಳು ಬರೆದರು. ಕಾದಂಬರಿಯಲ್ಲಿ ಒಬ್ಬ ಎಳೆಯ ವಿಧವೆ ತಲೆಗೂದಲು ತೆಗೆಸಲು ಒಪ್ಪುವುದಿಲ್ಲ. ಮನೆಯವರೆಲ್ಲ ಕೂಗಾಡುವಾಗ ಆ ಹುಡುಗಿಯ ಪರ ನಿಲ್ಲುವವಳು, ಜೀವಮಾನವಿಡೀ ಎದುರು ಮಾತಾಡದ ಮುದುಕಿ ಫಣಿಯಮ್ಮನೇ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಒಂದು ಅಕ್ಷರ ಬರೆಯದ ಅಜ್ಜಿಯ ಮಾತು ಇಷ್ಟು ದೂರ ಬಂತು. ನಡುವೆ ಒಬ್ಬರು ‘ಅದೇನು ಹಳೇ ಕಥೆ ಬಿಡಿ’ ಎಂದಿದ್ದರೂ ಸರಪಳಿ ಕಡಿದುಹೋಗುತ್ತಿತ್ತು.

ಮುಂದಿನ ಕಥೆ ಕಾಸರಗೋಡಿನದು. ಸಣ್ಣ ಸಮುದಾಯದಲ್ಲಿ ಬದುಕುವ ನಮಗೆ ಇದು ಬಹಳ ಹತ್ತಿರದ್ದು. ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದರು. ತಂದೆ ವಕೀಲರು. ಮನೆಯ ಮಾತು ಬೇರೆ, ಶಾಲೆಯಲ್ಲಿ ಓದಿದ್ದು ಕನ್ನಡ. ಆ ಕಾಲದಲ್ಲಿ ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಪ್ರೌಢಶಾಲೆಯವರೆಗೆ ಓದುವುದೇ ಅಪರೂಪ. ಮದುವೆ, ನಾಲ್ಕು ಗಂಡುಮಕ್ಕಳು, ಸಂಸಾರ. ಬರವಣಿಗೆ ಅಚ್ಚಾಗತೊಡಗಿದ್ದು ನಲವತ್ತೈದರ ಹೊತ್ತಿಗೆ, 1981ರಲ್ಲಿ, ‘ಲಂಕೇಶ್ ಪತ್ರಿಕೆ’ಯಲ್ಲಿ. ಅಲ್ಲಿಯೇ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು, 1984ರಲ್ಲಿ ಪುಸ್ತಕವಾಯಿತು. ಹಟಮಾರಿ ತಂದೆಯಿಂದಾಗಿ ಪ್ರೀತಿಸುವ ಗಂಡನಿಂದ ತಲಾಖ್ ಪಡೆಯಬೇಕಾಗಿ ಬಂದ ನಾದಿರಾ ಎಂಬ ಹುಡುಗಿಯ ಕಥೆ ಅದು.

‘ನಮ್ಮ ಮನೆಯ ಮಾತನ್ನು ಬೀದಿಗೆ ತಂದಳು’ ಎಂಬ ಸಿಟ್ಟು ತಾನಾಗಿಯೇ ಬಂತು. 1985ರಲ್ಲಿ ಪುತ್ತೂರಿನ ಒಂದು ಕಾರ್ಯಕ್ರಮದ ಸಂದರ್ಭದಲ್ಲಿ ಅವರ ಮೇಲೆ ಹಲ್ಲೆಯ ಯತ್ನವೂ ನಡೆಯಿತು. ಸಾರಾ ನಿಲ್ಲಿಸಲಿಲ್ಲ. ತಮ್ಮ ಸಮುದಾಯದ ಮೇಲಿನ ಪ್ರೀತಿಯನ್ನೂ ಬಿಡಲಿಲ್ಲ. ಕೋಮುವಾದದ ವಿರುದ್ಧ ಬರೆದ ಅದೇ ಕೈ ಮನೆಯೊಳಗಿನ ಅನ್ಯಾಯದ ವಿರುದ್ಧವೂ ಬರೆಯಿತು. ಮುಂದೆ ತಮ್ಮದೇ ‘ಚಂದ್ರಗಿರಿ ಪ್ರಕಾಶನ’ ಕಟ್ಟಿದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ‘ನಾಲ್ಕು ಜನ ಏನಂದಾರು’ ಎನ್ನುವ ಮಾತು ಪರದೇಶದ ಕನ್ನಡ ಮನೆಗಳಲ್ಲಿ ಊರಿಗಿಂತಲೂ ಹೆಚ್ಚು ಕೇಳುತ್ತದೆ, ಏಕೆಂದರೆ ಇಲ್ಲಿ ಇರುವುದೇ ನಾಲ್ಕು ಜನ. ಆ ಮಾತಿನ ಎದುರು ನಿಲ್ಲಬೇಕಾದಾಗ ಸಾರಾ ಅವರನ್ನು ನೆನೆಯಿರಿ. ಅವರು ತಮ್ಮವರನ್ನು ಬಿಟ್ಟು ಹೋಗಲಿಲ್ಲ, ಸುಮ್ಮನೂ ಇರಲಿಲ್ಲ.

ಇದು ನಮ್ಮೂರ ಕಥೆ ಮಾತ್ರ ಎಂದುಕೊಳ್ಳಬೇಡಿ. ನಾವಿರುವ ಈ ಕೀನ್ಯಾಕ್ಕೆ ಬನ್ನಿ. ಗ್ರೇಸ್ ಒಗೊಟ್ 1930ರಲ್ಲಿ ನ್ಯಾಂಜಾ ಪ್ರಾಂತ್ಯದ ಆಸೆಂಬೊದಲ್ಲಿ ಹುಟ್ಟಿದ ಲುವೊ ಹೆಣ್ಣುಮಗಳು. ಅಜ್ಜಿಯ ಕಥೆ ಕೇಳುತ್ತ ಬೆಳೆದವರು. ನರ್ಸ್ ಆಗಿ ತರಬೇತಿ ಪಡೆದರು, ಲಂಡನ್ನಿನಲ್ಲಿ ಬಿಬಿಸಿ ರೇಡಿಯೊಗೆ ಬರೆದರು, ಮಾತಾಡಿದರು. ಪೂರ್ವ ಆಫ್ರಿಕಾದಲ್ಲಿ ನಮ್ಮ ಏರ್ ಇಂಡಿಯಾದ ಸಾರ್ವಜನಿಕ ಸಂಪರ್ಕ ಅಧಿಕಾರಿಯೂ ಆಗಿದ್ದರು. ಅವರು ತಮ್ಮ ಕಥೆಗಳನ್ನು ಮೊದಲು ಪ್ರಕಟಣೆಗೆ ಒಯ್ದಾಗ, ಒಬ್ಬ ಕ್ರೈಸ್ತ ಹೆಂಗಸು ಬಲಿ, ನಾಟಿ ಮದ್ದು ಎಂದೆಲ್ಲ ಏಕೆ ಬರೆಯಬೇಕು ಎಂದು ಅಲ್ಲಿನ ಅಧಿಕಾರಿಗೆ ಅರ್ಥವೇ ಆಗಲಿಲ್ಲವಂತೆ. ಅವರು ಬರೆದದ್ದು ಅಜ್ಜಿ ಹೇಳಿದ ಲೋಕವನ್ನು. 1966ರಲ್ಲಿ ನೈರೋಬಿಯ ಈಸ್ಟ್ ಆಫ್ರಿಕನ್ ಪಬ್ಲಿಷಿಂಗ್ ಹೌಸ್ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಕಾದಂಬರಿ ಪ್ರಕಟಿಸಿತು. ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಅವರು ತಮ್ಮ ತಾಯ್ನುಡಿ ಧೊಲುವೊಗೆ ಹೊರಳಿ ‘ಮಿಯಾಹಾ’ ಬರೆದರು. ಸಂಸತ್ ಸದಸ್ಯೆಯಾದರು, ಸಹಾಯಕ ಸಚಿವೆಯಾದರು. 2015ರಲ್ಲಿ ತೀರಿಕೊಂಡರು. ನಂಜನಗೂಡಿನ ತಿರುಮಲಾಂಬಾ ಮತ್ತು ಆಸೆಂಬೊದ ಗ್ರೇಸ್ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ‘ನೀನು ಬರೆಯಬೇಕಾದದ್ದು ಇದಲ್ಲ’ ಎಂಬ ಮಾತು ಇಬ್ಬರ ಬಾಗಿಲಿಗೂ ಬಂದಿತ್ತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮನ್ನು ಯಾರೂ ಶಾಲೆಗೆ ಕಳಿಸದೆ ಕೂರಿಸಿಲ್ಲ. ಆದರೂ ಎರಡನೆಯ ತಲೆಮಾರಿನ ಅನೇಕ ಮಕ್ಕಳು ಕನ್ನಡದಲ್ಲಿ ಮೌನವಾಗಿದ್ದಾರೆ. ಕಾರಣ ಬಹಳ ಸಣ್ಣದು. ಐದಾರು ವರ್ಷದವರಿದ್ದಾಗ ವೇದಿಕೆಯ ಮೇಲೆ ‘ಅವನು ಬಂದಳು’ ಎಂದಿರುತ್ತಾರೆ, ಸಭೆ ನಕ್ಕಿರುತ್ತದೆ. ನಕ್ಕವರಿಗೆ ಅದು ಮುದ್ದು. ಆ ಮಗುವಿಗೆ ಅದು ಕನ್ನಡದ ಬಾಗಿಲು ಮುಚ್ಚಿದ ಸದ್ದು. ಅಂದಿನಿಂದ ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ.

ಅಂಥವರಿಗೆ ಇಬ್ಬರ ಕಥೆ ಹೇಳಬೇಕು. ಮೊದಲು ಹೇಳಿದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು. ಅಂದರೆ ಇಂದಿನ ಮಹಾರಾಷ್ಟ್ರ. ಅವರ ಶಾಲೆಯ ಓದು ಮರಾಠಿಯಲ್ಲಿ. ಕನ್ನಡವನ್ನು ಆಮೇಲೆ ಸ್ವಂತ ಪ್ರಯತ್ನದಿಂದ ಕಲಿತರು, ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ದೊಡ್ಡ ಪುರಾಣವನ್ನೇ ಬರೆದರು. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ ಕನ್ನಡ ಶಾಲೆಯಲ್ಲಿ ಕಲಿತವರೇ ಅಲ್ಲ.

ಇನ್ನೊಬ್ಬರು ಹಾಸನದ ಬಾನು ಮುಷ್ತಾಕ್. ಅವರ ಮನೆಯಲ್ಲಿ ಕನ್ನಡ ಆಡುತ್ತಿರಲಿಲ್ಲ. ಎಂಟನೆಯ ವಯಸ್ಸಿಗೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಪತ್ರಕರ್ತೆ, ವಕೀಲೆ, ಕಥೆಗಾರ್ತಿ. ಮಸೀದಿಯೊಳಗೆ ಹೆಂಗಸರಿಗೂ ಜಾಗ ಬೇಕು ಎಂದಾಗ ಬಹಿಷ್ಕಾರದ ಬಿಸಿಯನ್ನೂ ಉಂಡರು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪ್ರಶಸ್ತಿಯನ್ನು ಹಂಚಿಕೊಂಡವರು ಅನುವಾದಕಿ ದೀಪಾ ಭಾಸ್ತಿ. ಇಲ್ಲಿಯೂ ಗಮನಿಸಿ: ಹೇಳಿದವರು ಒಬ್ಬರು, ಕೇಳಿಸಿಕೊಂಡು ಆ ಮಾತನ್ನು ಮುಂದೆ ದಾಟಿಸಿದವರು ಇನ್ನೊಬ್ಬರು.

ರಾಣಿ, ತಂದೆ, ಅಂಚೆ ಕಾಯುತ್ತಿದ್ದ ಓದುಗಳು, ಬಾಣಂತಿ ಮನೆಯ ತಾಯಿ, ಒಬ್ಬ ಸಂಪಾದಕ, ಮದರಾಸಿಗೆ ಹೋದ ಪ್ರಾಧ್ಯಾಪಕಿ, ಒಬ್ಬ ಅನುವಾದಕಿ. ಇವರಲ್ಲಿ ಯಾರೂ ದೊಡ್ಡ ಪವಾಡ ಮಾಡಲಿಲ್ಲ. ಕೇಳಿಸಿಕೊಂಡರು, ಜಾಗ ಕೊಟ್ಟರು.

ನಮ್ಮ ಮನೆಗಳಿಗೆ ಅಜ್ಜಿಯರು ಊರಿನಿಂದ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಬಾಲ್ಕನಿಯಲ್ಲಿ ಕೂತು ಎಂಬಕಸಿಯ ವಿಮಾನಗಳನ್ನು ಎಣಿಸುತ್ತ ಬೇಸರ ಕಳೆಯುತ್ತಾರೆ. ನಿಮ್ಮ ಫೋನಿನಲ್ಲಿ ರೆಕಾರ್ಡರ್ ಇದೆ. ‘ಅಜ್ಜಿ, ನಿಮಗೆ ಓದಬೇಕು ಅನ್ನಿಸಿತ್ತಾ? ಯಾರು ಬಿಡಿಸಿದರು?’ ಎಂದು ಕೇಳಿ ನೋಡಿ. ನಿಮ್ಮ ಕನ್ನಡ ಹೇಗಿದ್ದರೂ ಅವರಿಗೆ ಅರ್ಥವಾಗುತ್ತದೆ. ಅವರು ಹೇಳಿದ್ದನ್ನು ಬರೆಯಲು ಕೂತಾಗ ಲಿಂಗ, ವಚನ ತಪ್ಪಿದರೆ ತಪ್ಪಲಿ. ತಿದ್ದಿಕೊಡಲು ನಮ್ಮಂಥವರು ಇದ್ದೇವೆ. ಬರೆದದ್ದನ್ನು ಈ ಬಾನುಲಿಗೆ ಕಳಿಸಿ, ನಿಮ್ಮ ದನಿಯಲ್ಲೇ ಓದಿ. ಕೇಳಲು ನಾವು ಕೂತಿರುತ್ತೇವೆ.